ಮನೆಮಂದಿಯ ಕುಂಬಾರಿಕೆ, ಊರವರ ಕೆಲಸ: ಹೂಂ ಅನ್ನುವ ಮೊದಲು ಆವಿಗೆ ನೋಡಿ

ಪ್ರಶ್ನೆ: ನಮ್ಮದು ಮನೆಯವರೇ ನಡೆಸುವ ಚಿಕ್ಕ ಕುಂಬಾರಿಕೆ. ಮಾವನವರು ತಿಗರಿ ಮೇಲೆ ಕೂರುತ್ತಾರೆ, ಗಂಡ ಗ್ಲೇಜ್ (ಪಾತ್ರೆಗೆ ಹಚ್ಚುವ ಗಾಜಿನಂಥ ಲೇಪ) ಮತ್ತು ಆವಿಗೆ (ಮಡಕೆ ಸುಡುವ ಗೂಡು) ನೋಡಿಕೊಳ್ಳುತ್ತಾರೆ, ಆರ್ಡರ್, ಲೆಕ್ಕ, ಪ್ಯಾಕಿಂಗ್ ನನ್ನದು. ಈಗ ಒಂದು ಶಾಲೆಯವರು ಮಕ್ಕಳ ಕೈಯಲ್ಲೇ ಟೈಲ್ ಮಾಡಿಸಿ ಗೋಡೆಗೆ ಚಿತ್ರ ಕೂರಿಸಿಕೊಡಿ ಅನ್ನುತ್ತಿದ್ದಾರೆ. ಒಂದು ಸಂಘದವರು ದೇಣಿಗೆ ಊಟಕ್ಕೆ ಬಟ್ಟಲು ಕೇಳಿದ್ದಾರೆ. ವೃದ್ಧಾಶ್ರಮದವರಿಗೆ ವಾರಕ್ಕೊಂದು ಕ್ಲಾಸ್ ಬೇಕಂತೆ. ನನಗೆ ಮೂರೂ ಮಾಡುವ ಆಸೆ. ಗಂಡ "ಆರ್ಡರ್ ತಪ್ಪುತ್ತೆ" ಅನ್ನುತ್ತಾರೆ. ಮಾವ "ಕಲಿಯೋಕೆ ಬಂದವರಿಗೆ ಇಲ್ಲ ಅನ್ನಬಾರದು" ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಆವಿಗೆ ಎಷ್ಟು ದೊಡ್ಡದು, ತಿಂಗಳಿಗೆ ಎಷ್ಟು ಸಲ ಹಚ್ಚುತ್ತೀರಿ, ಪ್ರತಿ ಸಲ ಎಷ್ಟು ಜಾಗ ಖಾಲಿ ಉಳಿಯುತ್ತದೆ? ಪತ್ರದಲ್ಲಿ ಎಲ್ಲ ಬರೆದಿದ್ದೀರಿ, ಇದೊಂದು ಬಿಟ್ಟು. ಮಾವನವರ ಮಾತು, ಗಂಡನ ಮಾತು ಎರಡನ್ನೂ ಸ್ವಲ್ಪ ಬದಿಗಿಟ್ಟು ಮೊದಲು ಇದನ್ನು ಬರೆದುಕೊಳ್ಳಿ. ಕಳೆದ ಕೆಲವು ಫೈರಿಂಗ್‌ಗಳ, ಅಂದರೆ ಆವಿಗೆ ಹಚ್ಚಿ ಸುಟ್ಟ ಸಲಗಳ, ಲೆಕ್ಕ ಸಿಕ್ಕರೂ ಸಾಕು.

ಯಾಕೆ ಅಂದರೆ ಕುಂಬಾರಿಕೆಯಲ್ಲಿ ಕೈ ಬೇಗ ಓಡುತ್ತದೆ, ಆವಿಗೆ ಓಡುವುದಿಲ್ಲ. ಪಳಗಿದವರು ಒಂದು ಬೆಳಿಗ್ಗೆಯಲ್ಲಿ ಹಲಗೆ ತುಂಬ ಬಟ್ಟಲು ಎತ್ತಿಡುತ್ತಾರೆ. ಆಮೇಲೆ ಅವು ಅರೆ ಒಣಗಬೇಕು, ತಳ ಕೆತ್ತಬೇಕು, ಪೂರ್ತಿ ಒಣಗಬೇಕು, 950ರಿಂದ 1000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಿಸ್ಕ್ ಫೈರಿಂಗ್ (ಗ್ಲೇಜ್ ಹಾಕುವ ಮೊದಲು ಒಮ್ಮೆ ಸುಡುವುದು) ಆಗಬೇಕು, ಗ್ಲೇಜ್ ಅದ್ದಬೇಕು, ಸ್ಟೋನ್‌ವೇರ್ (ಹೆಚ್ಚು ಶಾಖಕ್ಕೆ ಕಲ್ಲಿನ ಹಾಗೆ ಗಟ್ಟಿ ಬೇಯುವ ಮಣ್ಣು) ಆದರೆ 1200ರಿಂದ 1300 ಡಿಗ್ರಿಗೆ ಇನ್ನೊಮ್ಮೆ ಸುಡಬೇಕು, ಪ್ರತಿ ಸಲವೂ ಆವಿಗೆ ತಾನಾಗೇ ಆರುವವರೆಗೆ ಕಾಯಬೇಕು. ಇದರಲ್ಲಿ ಒಣಗುವುದು, ಸುಡುವುದು, ಆರುವುದು ಯಾವುದನ್ನೂ ಜಾಸ್ತಿ ಜನ ಸೇರಿಸಿ ಬೇಗ ಮಾಡಲು ಆಗುವುದಿಲ್ಲ. ನಿಮ್ಮ ಮನೆಯಲ್ಲಿ "ಟೈಮ್ ಇಲ್ಲ" ಅಂತ ಜಗಳ ಆಗುತ್ತಿದ್ದರೆ, ಹತ್ತರಲ್ಲಿ ಒಂಬತ್ತು ಸಲ ಕೊರತೆ ಇರುವುದು ಆವಿಗೆಯ ಶೆಲ್ಫ್ ಮೇಲೆ. ಗಂಡನಿಗೆ ಅದು ಗೊತ್ತು, ಹೇಳಲು ಬರುತ್ತಿಲ್ಲ ಅಷ್ಟೇ. ಮಾವನವರಿಗೆ ಅದು ಕಾಣುವುದಿಲ್ಲ, ಅವರ ಕೆಲಸ ತಿಗರಿಯಲ್ಲೇ ಮುಗಿಯುತ್ತದಲ್ಲ.

ಈ ಮಿತಿಯನ್ನು ಒಪ್ಪಿಕೊಂಡೇ ಬದುಕಿರುವ ಒಂದು ಊರು ಇದೆ. ಜಪಾನಿನ ಕ್ಯೂಶು ದ್ವೀಪದ ಓಂಟಾ. 1705ರಿಂದ ಅಲ್ಲಿ ಮಡಕೆ ಕೆಲಸ ನಡೆಯುತ್ತಿದೆ. ಹತ್ತರ ಆಸುಪಾಸಿನಷ್ಟು ಕುಟುಂಬಗಳು, ತಂದೆಯಿಂದ ಮಗನಿಗೆ ಬಂದ ಕೆಲಸ. ಮಣ್ಣನ್ನು ಎಲ್ಲರೂ ಸೇರಿ ಅಗೆದು ಹಂಚಿಕೊಳ್ಳುತ್ತಾರೆ. ಅದನ್ನು ಕುಟ್ಟುವುದು ಹೊಳೆ ನೀರಿನಿಂದ ಏಳುವ ಬೀಳುವ ಮರದ ಒನಕೆಗಳು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಮೆಟ್ಟಿಲಿನ ಹಾಗೆ ಗುಡ್ಡ ಹತ್ತುವ ದೊಡ್ಡ ಆವಿಗೆಯನ್ನು ಕೆಲವು ಮನೆಯವರು ಹಂಚಿಕೊಂಡು ಸುಡುತ್ತಾರೆ. ಮಡಕೆ ಮೇಲೆ ಯಾರೂ ತಮ್ಮ ಹೆಸರು ಹಾಕುವುದಿಲ್ಲ. ಮೋಟಾರ್ ಇಟ್ಟು ಮಣ್ಣು ಬೇಗ ಪುಡಿ ಮಾಡಬಹುದಿತ್ತು, ಅವರಿಗೆ ಗೊತ್ತಿಲ್ಲ ಅಂತಲ್ಲ. ಆದರೆ ಮಣ್ಣು ಬೇಗ ಬಂದರೆ ಆವಿಗೆ ಸಾಲುವುದಿಲ್ಲ, ಕೆಲವು ಮನೆ ಮುಂದೆ ಹೋಗಿ ಕೆಲವು ಹಿಂದೆ ಉಳಿಯುತ್ತವೆ, ಹಂಚಿಕೆಯೇ ಮುರಿಯುತ್ತದೆ. ಇದು ನನ್ನ ಓದು, ಅವರು ಬೇರೆ ಮಾತಲ್ಲಿ ಹೇಳಬಹುದು. ನಿಮಗೆ ಅಲ್ಲಿಂದ ಬೇಕಾಗಿರುವುದು ಇಷ್ಟು: ಕೆಲಸದಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ಅದೇ ವೇಗ ಹೇಳಲಿ. ಊರ ಕೆಲಸವೂ ಅದರ ಹಿಂದೆ ಬರಲಿ.

ಈಗ ನಿಮ್ಮ ಮೂರು ಬೇಡಿಕೆ. ಶಾಲೆಯದ್ದನ್ನೇ ಜಾಸ್ತಿ ಹೇಳುತ್ತೇನೆ, ಅಲ್ಲೇ ಜಾಸ್ತಿ ಜನ ಮುಗ್ಗರಿಸುವುದು.

ಟೈಲ್ ಅಂದ ಕೂಡಲೇ ಸುಲಭ ಅನ್ನಿಸುತ್ತದೆ, ಚಪ್ಪಟೆ ತುಂಡು ತಾನೇ. ಆದರೆ ಆವಿಗೆಯ ಮಟ್ಟಿಗೆ ಟೈಲ್‌ನಷ್ಟು ಜಾಗ ತಿನ್ನುವ ವಸ್ತು ಇನ್ನೊಂದಿಲ್ಲ. ಬಿಸ್ಕ್ ಫೈರಿಂಗ್‌ನಲ್ಲಿ ಬಟ್ಟಲುಗಳನ್ನು ಒಂದರೊಳಗೊಂದು ಇಡಬಹುದು, ಟೈಲ್‌ಗಳನ್ನೂ ಅಂಚಿನ ಮೇಲೆ ಸಾಲಾಗಿ ನಿಲ್ಲಿಸಬಹುದು. ಗ್ಲೇಜ್ ಹಾಕಿದ ಮೇಲೆ ಯಾವುದೂ ಯಾವುದಕ್ಕೂ ತಾಗಬಾರದು, ತಾಗಿದರೆ ಅಂಟಿಕೊಂಡೇ ಹೊರಬರುತ್ತವೆ. ಆಗ ಒಂದೊಂದು ಟೈಲ್‌ಗೂ ಶೆಲ್ಫ್ ಮೇಲೆ ಅದರದ್ದೇ ಜಾಗ ಬೇಕು, ಅದರ ಮೇಲಿನ ಗಾಳಿಯೆಲ್ಲ ದಂಡ. ಒಂದು ಗೋಡೆ ತುಂಬಿಸುವಷ್ಟು ಟೈಲ್ ಅಂದರೆ ನಿಮ್ಮ ಆರ್ಡರ್‌ನ ಎಷ್ಟು ಫೈರಿಂಗ್ ಹೋಯಿತು, ನೀವೇ ಲೆಕ್ಕ ಹಾಕಿ. ಟೈಲ್ ಒಣಗುವಾಗ ಅಂಚು ಮೇಲೇಳುತ್ತದೆ ಬೇರೆ. ಎರಡು ಹಲಗೆಗಳ ನಡುವೆ ಇಟ್ಟು, ಆಗಾಗ ಮಗುಚಿ, ತುಂಬಾ ನಿಧಾನಕ್ಕೆ ಒಣಗಿಸಬೇಕು. ಅದಕ್ಕೂ ಜಾಗ ಬೇಕಲ್ವಾ.

ಹಾಗಾಗಿ ಶಾಲೆಯವರಿಗೆ ಹೇಳಿ: ಗೋಡೆ ಚಿತ್ರ ಮಾಡೋಣ, ಟೈಲ್ ಬೇಡ. ಎಲೆ, ಮೀನು, ಹಕ್ಕಿ, ಹೂವು, ಏನಾದರೂ ಒಂದು ಆಕಾರ, ಅಂಗೈಗಿಂತ ಚಿಕ್ಕದು. ಒಂದೊಂದು ಮಗು ನಾಲ್ಕೈದು ಮಾಡಲಿ. ಎಲ್ಲವನ್ನೂ ಸೇರಿಸಿ ಗೋಡೆ ಮೇಲೆ ದೊಡ್ಡ ಮರವನ್ನೋ ಹೊಳೆಯನ್ನೋ ಕೂರಿಸಬಹುದು. ಇಂಥ ಸಣ್ಣ ತುಂಡುಗಳು ನಿಮ್ಮ ಹೂಜಿ ಹೂಕುಂಡಗಳ ಸಂದಿಯಲ್ಲಿ, ದೊಡ್ಡ ಪಾತ್ರೆಯ ಹೊಟ್ಟೆಯೊಳಗೆ, ಶೆಲ್ಫ್ ಮೂಲೆಯಲ್ಲಿ ಕೂತುಬಿಡುತ್ತವೆ. ನೀವು ಹೇಗೂ ಬಿಸಿ ಮಾಡುತ್ತಿದ್ದ ಖಾಲಿ ಜಾಗ ಅದು. ಬಣ್ಣಕ್ಕೆ ಗ್ಲೇಜ್ ಬದಲು ಬಣ್ಣದ ಸ್ಲಿಪ್ (ಬಣ್ಣ ಬೆರೆಸಿದ ತೆಳು ಮಣ್ಣಿನ ರಾಡಿ) ಹಚ್ಚಿಸಿ, ಕಡಿಮೆ ಶಾಖಕ್ಕೆ ಬೇಯುವ ಕೆಂಪು ಜೇಡಿಮಣ್ಣು ಆದರೆ ಬಿಸ್ಕ್ ಫೈರಿಂಗ್ ಒಂದೇ ಸಾಕು, ಎರಡನೇ ಸಲ ಸುಡುವ ಗೋಜೇ ಇಲ್ಲ. ಒಂದು ಎಚ್ಚರ: ಹೀಗೆ ಸುಟ್ಟದ್ದು ನೀರು ಹೀರುತ್ತದೆ. ಒಳಗಿನ ಗೋಡೆಗೆ ತೊಂದರೆಯಿಲ್ಲ. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ ಹೊರಗೋಡೆಗೆ ಹಾಕಿದರೆ ಪದರ ಪದರವಾಗಿ ಸಿಡಿದು ಬೀಳುತ್ತದೆ, ಅಂಥ ಕಡೆ ನೀರು ಹೀರದಷ್ಟು ಗಟ್ಟಿ ಬೆಂದ ಸ್ಟೋನ್‌ವೇರೇ ಬೇಕು.

ಇನ್ನೊಂದು ಲಾಭ ಇದೆ, ನನ್ನ ಪ್ರಕಾರ ಇದೇ ದೊಡ್ಡದು. ಒಂದು ಮಗುವಿಗೆ ಒಂದು ಟೈಲ್ ಅಂತ ಮಾಡಿಸಿದರೆ, ಒಡೆದ ಟೈಲ್ ಯಾರದ್ದೋ ಅವರ ಮುಖ ನೀವು ನೋಡಬೇಕು. ಸುಡುವಾಗ ಕೆಲವು ಒಡೆದೇ ಒಡೆಯುತ್ತವೆ. ನೂರಾರು ಎಲೆ ಇದ್ದಾಗ ಹತ್ತು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ.

ಸೂಚನೆ ಕಡಿಮೆ ಇರಲಿ. ಬ್ರಿಟಿಷ್ ಶಿಲ್ಪಿ ಆಂಟನಿ ಗಾರ್ಮ್ಲಿ 1993ರಲ್ಲಿ ಸೇಂಟ್ ಹೆಲೆನ್ಸ್ ಪಟ್ಟಣದಲ್ಲಿ ಸುಮಾರು 100 ಜನರನ್ನು ಕೂರಿಸಿ ಸುಮಾರು 40,000 ಪುಟ್ಟ ಮಣ್ಣಿನ ಆಕೃತಿ ಮಾಡಿಸಿದರು. ಬಂದವರು ಶಾಲಾ ಮಕ್ಕಳಿಂದ ಅಜ್ಜ ಅಜ್ಜಿಯರವರೆಗೆ. ಹೇಳಿದ್ದು ಇಷ್ಟೇ: ಕೈಯಲ್ಲಿ ಹಿಡಿಯುವಷ್ಟು ದೊಡ್ಡದಿರಲಿ, ತಾನಾಗಿ ನಿಲ್ಲಬೇಕು, ಎರಡು ಆಳವಾದ ಕಣ್ಣು ಇರಬೇಕು. ಉಳಿದದ್ದು ಮಾಡುವವರಿಗೆ ಬಿಟ್ಟದ್ದು. ಎಲ್ಲವೂ ಒಂದೇ ಬಳಗ ಅನ್ನಿಸುತ್ತವೆ, ಎರಡು ಒಂದೇ ಥರ ಇಲ್ಲ. ನೀವೂ ಇಂಥ ಮೂರು ನಿಯಮ ಹುಡುಕಿ. ಎಲೆ ಆದರೆ: ಕಿರುಬೆರಳಿಗಿಂತ ದಪ್ಪ ಬೇಡ, ಒಂದು ಕಡೆ ಚೂಪು ಇರಲಿ, ನರ ಗೀಚಿರಲಿ. ಮುಗಿಯಿತು.

ದಪ್ಪದ ನಿಯಮ ಮಾತ್ರ ಸಡಿಲಬೇಡಿ. ಆವಿಗೆಯಲ್ಲಿ ಸಿಡಿಯುವುದು ಮಣ್ಣೊಳಗಿನ ಗಾಳಿ ಗುಳ್ಳೆಯಿಂದ ಅಂತ ಬಹಳ ಜನ ನಂಬಿದ್ದಾರೆ, ಕಲಿಸುವವರೂ ಹಾಗೇ ಹೇಳುತ್ತಾರೆ. ಸಿಡಿಸುವುದು ತೇವ. ನೀರು ಆವಿಯಾದರೆ 1,600 ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ, ದಪ್ಪ ತುಂಡಿನ ನಡುವೆ ಸಿಕ್ಕಿಕೊಂಡ ತೇವಕ್ಕೆ ಹೊರಬರಲು ದಾರಿ ಇಲ್ಲದಿದ್ದರೆ ಅದು ದಾರಿ ಮಾಡಿಕೊಳ್ಳುತ್ತದೆ. ಪೂರ್ತಿ ಒಣಗಿದ ತುಂಡಲ್ಲಿ ಗಾಳಿ ಗುಳ್ಳೆ ಇದ್ದರೂ ಸುಮ್ನೆ ಕೂತಿರುತ್ತದೆ. ಮಕ್ಕಳ ಕೆಲಸ ಹೊರಗೆ ಒಣಗಿ ಕಂಡರೂ ಒಳಗೆ ಹಸಿ ಇರುವ ಸಾಧ್ಯತೆ ಜಾಸ್ತಿ. ಕೆನ್ನೆಗೆ ಹಿಡಿದು ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಆವಿಗೆಯನ್ನು ಮೊದಲ ಕೆಲವು ಗಂಟೆ 80-90 ಡಿಗ್ರಿಯಲ್ಲೇ ತಡೆದು ನಿಲ್ಲಿಸಿ. ಮಣ್ಣಿಗೆ ಗ್ರಾಗ್, ಅಂದರೆ ಸುಟ್ಟ ಮಣ್ಣಿನ ತರಿ, ಸೇರಿಸಿದ್ದರೆ ಇನ್ನೂ ಒಳ್ಳೆಯದು, ಬಿರುಕೂ ಕಡಿಮೆ. ಮಕ್ಕಳ ತುಂಡುಗಳು ಯಾವಾಗಲೂ ಬಿಸ್ಕ್ ಫೈರಿಂಗ್‌ಗೆ ಮಾತ್ರ ಹೋಗಲಿ. ಗ್ಲೇಜ್ ಹಾಕಿದ ಆರ್ಡರ್ ಜೊತೆ ಹಸಿ ತುಂಡು ಇಟ್ಟು, ಅದು ಸಿಡಿದು, ಚೂರು ಹೋಗಿ ಗಿರಾಕಿಯ ತಟ್ಟೆಯ ಗ್ಲೇಜ್ ಮೇಲೆ ಕೂತರೆ, ನಿಮ್ಮ ಮನೆಯಲ್ಲಿ ಊರ ಕೆಲಸದ ಮಾತು ಮತ್ತೆ ಯಾರೂ ಎತ್ತುವುದಿಲ್ಲ.

ಶಾಲೆಯವರು ಟೈಲೇ ಬೇಕು ಅಂತ ಹಟ ಹಿಡಿದರೆ ಅಳತೆ ಮೊದಲು. ಮಣ್ಣು ಹಸಿಯಿಂದ ಸುಟ್ಟ ಸ್ಥಿತಿಗೆ ಬರುವಷ್ಟರಲ್ಲಿ ಕುಗ್ಗುತ್ತದೆ, ಎಷ್ಟು ಅನ್ನುವುದು ಮಣ್ಣಿನ ಮೇಲೆ, ಶಾಖದ ಮೇಲೆ. ಹಸಿ ಪಟ್ಟಿಯ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು ಸುಟ್ಟು ಅಳೆಯಿರಿ. 8.8 ಬಂದರೆ ನಿಮ್ಮದು 12% ಕುಗ್ಗುವ ಮಣ್ಣು. ಆಗ 3 ಮೀಟರ್ ಗೋಡೆಗೆ ಹಸಿಯಲ್ಲಿ ಸುಮಾರು 3.4 ಮೀಟರ್ ಚಿತ್ರ ಬೇಕು. ಪ್ರತಿ ಟೈಲ್ ಹಿಂದೆ ನಂಬರ್ ಮತ್ತು ಮೇಲೆ ಯಾವ ಕಡೆ ಅನ್ನುವ ಬಾಣ ಗೀಚಿ. ಕೂರಿಸುವ ಸಿಮೆಂಟ್ ಹಿಡಿಯಲು ಬೆನ್ನಿಗೆ ಗೆರೆ ಎಳೆದಿಡಿ. ಕೂರಿಸುವುದನ್ನು ನೀವೇ ಮಾಡಬೇಡಿ, ಅದು ಗಾರೆಯವರ ಕೆಲಸ.

ಬಟ್ಟಲಿನದ್ದು ಸುಲಭ. ಈ ಥರದ ಕಾರ್ಯಕ್ರಮಕ್ಕೆ ಒಂದು ಮಾದರಿ ಈಗಾಗಲೇ ಇದೆ: 1990ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಜಾನ್ ಹಾರ್ಟಮ್ ಅನ್ನುವ ಕಲಾ ಶಿಕ್ಷಕರು ಶುರು ಮಾಡಿದ 'ಎಂಪ್ಟಿ ಬೌಲ್ಸ್'. ವಿದ್ಯಾರ್ಥಿಗಳು ಬಟ್ಟಲು ಮಾಡಿದರು, ಬಂದವರು ಅದರಲ್ಲಿ ಸರಳ ಊಟ ಮಾಡಿ ದೇಣಿಗೆ ಕೊಟ್ಟರು, ಬಟ್ಟಲನ್ನು ಮನೆಗೆ ಒಯ್ದರು. ಹಣ ಹಸಿದವರಿಗೆ ಹೋಯಿತು. ಈಗ ಎಷ್ಟೋ ದೇಶಗಳಲ್ಲಿ ಇದೇ ಮಾದರಿಯಲ್ಲಿ ನಡೆಯುತ್ತದೆ. ನಿಮಗೆ ಇದು ಒಪ್ಪುತ್ತದೆ, ಮಾವನವರ ಕೈಗೆ ಬಟ್ಟಲು ಅಂದರೆ ಆಟ. ಕಷ್ಟ ಇರುವುದು ಗ್ಲೇಜ್ ಫೈರಿಂಗ್‌ನಲ್ಲಿ, ಅದಕ್ಕೆ ಈಗಲೇ ಶುರು ಮಾಡಿ ಪ್ರತಿ ಫೈರಿಂಗ್‌ನ ಸಂದಿಯಲ್ಲಿ ನಾಲ್ಕಾರು ಬಟ್ಟಲು ಇಡುತ್ತಾ ಹೋಗಿ, ದಿನ ಹತ್ತಿರ ಬಂದಾಗ ಪೆಟ್ಟಿಗೆ ತುಂಬಿರುತ್ತದೆ. ಕೊನೇ ವಾರದಲ್ಲಿ ಕೇಳಿದವರಿಗೆ ಇಲ್ಲ ಅನ್ನಿ. ಮಾರಾಟವಾಗದ ಮಾಲನ್ನು ಇಲ್ಲಿ ತಳ್ಳುವ ಆಸೆ ಬರುತ್ತದೆ, ಬರಲಿ, ಆದರೆ ಆರಿಸಿ. ಬಣ್ಣ ಸ್ವಲ್ಪ ಮಾಸಿದ್ದು, ಆಕಾರ ಕೊಂಚ ಸೊಟ್ಟಗಿರುವುದು ಪರವಾಗಿಲ್ಲ. ಬಿರುಕು ಬಿಟ್ಟದ್ದು, ಒಳಗಡೆ ಗ್ಲೇಜ್ ಗುಳ್ಳೆ ಎದ್ದದ್ದು ಬೇಡ. ಬಟ್ಟಲ ತಳದಲ್ಲಿ ನಿಮ್ಮ ಮನೆಯ ಮುದ್ರೆ ಇರುತ್ತದೆ, ಅದು ಅಷ್ಟೂ ಅಡುಗೆಮನೆಗೆ ಹೋಗುತ್ತದೆ. ಸಂಘದ ಸದಸ್ಯರೇ ಮಾಡಿದ ಬಟ್ಟಲಾದರೂ ಗ್ಲೇಜ್ ನಿಮ್ಮದೇ ಇರಲಿ, ಸೀಸ ಇಲ್ಲದ್ದು, ಸರಿಯಾದ ಶಾಖಕ್ಕೆ ಬೆಂದದ್ದು. ಸರಿಯಾಗಿ ಬೇಯದ ಗ್ಲೇಜಿನಿಂದ ಹುಳಿ ಪದಾರ್ಥ ಲೋಹ ಎಳೆಯುತ್ತದೆ. ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿ ಬಣ್ಣ ಬದಲಾಯಿತಾ ನೋಡುವುದು ಮೊದಲ ಜರಡಿ ಅಷ್ಟೇ, ಖಚಿತ ಆಗಬೇಕಾದರೆ ಲ್ಯಾಬ್‌ಗೆ ಕಳಿಸಬೇಕು.

ಕೆಲವರು ಇದಕ್ಕಿಂತ "ಉಪಯೋಗದ" ಕೆಲಸ ಮಾಡಿ ಅನ್ನುತ್ತಾರೆ, ಮಣ್ಣಿನ ನೀರಿನ ಫಿಲ್ಟರ್ ಥರದ್ದು. ಒಳ್ಳೆಯ ಕೆಲಸವೇ. 1981ರಲ್ಲಿ ಗ್ವಾಟೆಮಾಲದ ಫರ್ನಾಂಡೋ ಮಸರಿಯೆಗೋಸ್ ರೂಪಿಸಿದ್ದು, ಆಮೇಲೆ 'ಪಾಟರ್ಸ್ ಫಾರ್ ಪೀಸ್' ಸಂಸ್ಥೆ ಹಲವು ದೇಶಗಳ ಕುಂಬಾರರಿಗೆ ಕಲಿಸಿತು. ಮಣ್ಣಿಗೆ ಮರದ ಹೊಟ್ಟು ಬೆರೆಸಿ ಅಚ್ಚಿನಲ್ಲಿ ಒತ್ತಿ ಸುಟ್ಟರೆ ಹೊಟ್ಟು ಉರಿದು ಸಣ್ಣ ರಂಧ್ರ ಉಳಿಯುತ್ತವೆ, ಮೇಲೆ ಬೆಳ್ಳಿಯ ದ್ರಾವಣ ಬಳಿಯುತ್ತಾರೆ. ಆದರೆ ಪ್ರತಿಯೊಂದು ಫಿಲ್ಟರ್‌ನಲ್ಲೂ ಗಂಟೆಗೆ ಎಷ್ಟು ನೀರು ಇಳಿಯುತ್ತದೆ ಅಂತ ಅಳೆಯಬೇಕು, ಬೇಗ ಇಳಿದರೆ ಒಡೆದು ಹಾಕಬೇಕು. ನೀರು ಕುಡಿದವರ ಆರೋಗ್ಯ ನಿಮ್ಮ ತಲೆ ಮೇಲೆ. ಆರ್ಡರ್‌ಗಳ ನಡುವೆ ಬಿಡುವಿನಲ್ಲಿ ಮಾಡುವ ಕೆಲಸ ಅಲ್ಲ ಅದು. ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡ ಅನ್ನಿ.

ಇನ್ನು ವೃದ್ಧಾಶ್ರಮ. ಮೂರರಲ್ಲಿ ಹಗುರ ಅನ್ನಿಸುವುದು ಇದು, ಎಲ್ಲಕ್ಕಿಂತ ಭಾರ ಇದೇ. ಗೋಡೆ ಮುಗಿಯುತ್ತದೆ, ಊಟ ಮುಗಿಯುತ್ತದೆ, ವಾರಕ್ಕೊಂದು ಕ್ಲಾಸ್ ಮುಗಿಯುವುದೇ ಇಲ್ಲ. ಒಂದು ವಾರ ತಪ್ಪಿದರೂ ಅಲ್ಲಿ ಕಾಯುತ್ತಾ ಕೂತವರು ಇರುತ್ತಾರೆ. ಹಾಗಾಗಿ ಶುರುವಿನಲ್ಲೇ ಕೊನೆ ಹೇಳಿ: ಎಂಟು ವಾರ, ಆಮೇಲೆ ಬಿಡುವು, ಬೇಕಾದರೆ ಮತ್ತೆ ಎಂಟು. ತಿಗರಿ ಒಯ್ಯಬೇಡಿ. ಕೂತಲ್ಲೇ ಚಿವುಟಿ ಮಾಡುವ ಬಟ್ಟಲು, ಎರೆಹುಳದ ಹಾಗೆ ಹೊಸೆದು ಸುತ್ತಿ ಏರಿಸುವ ಕುಂಡ, ಇಷ್ಟು ಸಾಕು. ಮಣ್ಣು ಮಾಮೂಲಿಗಿಂತ ಮೆತ್ತಗಿರಲಿ, ಕೈ ಅದ್ದಲು ಬೆಚ್ಚನೆ ನೀರಿಡಿ, ಗಂಟು ನೋವಿನ ಬೆರಳಿಗೆ ತಣ್ಣನೆ ಗಟ್ಟಿ ಮಣ್ಣು ಶಿಕ್ಷೆ.

ದೂಳಿನ ವಿಷಯ ಮೂರಕ್ಕೂ ಸೇರಿಸಿ ಹೇಳಿಬಿಡುತ್ತೇನೆ, ಮನೆಯ ಕುಂಬಾರಿಕೆಯಲ್ಲಿ ಇದನ್ನೇ ಎಲ್ಲರೂ ಸಸಾರ ಮಾಡುವುದು. ಒಣ ಮಣ್ಣಿನ ದೂಳಿನಲ್ಲಿ ಸಿಲಿಕಾ ಇದೆ. ಶ್ವಾಸಕೋಶದ ಆಳಕ್ಕೆ ಹೋಗುವ ಕಣ ಕಣ್ಣಿಗೆ ಕಾಣುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ವರ್ಷಗಟ್ಟಲೆ ಕುಡಿದರೆ ಸಿಲಿಕೋಸಿಸ್, ಅದು ವಾಸಿ ಆಗುವ ಕಾಯಿಲೆ ಅಲ್ಲ. ಪೊರಕೆ ಎತ್ತಲೇಬೇಡಿ, ಒದ್ದೆ ಬಟ್ಟೆ, ಒದ್ದೆ ಮಾಪ್ ಮಾತ್ರ. ಗ್ಲೇಜ್ ಪುಡಿ ಕಲಸುವಾಗ, ಒಣ ಪಾತ್ರೆ ಉಜ್ಜುವಾಗ ಸರಿಯಾದ ರೆಸ್ಪಿರೇಟರ್ ಬೇಕು, ಬಾಯಿಗೆ ಕಟ್ಟುವ ಬಟ್ಟೆ ಸಾಲದು, ಆ ಹೊತ್ತು ಮಕ್ಕಳು ಹತ್ತಿರ ಇರಬಾರದು. ಕೆಲಸದ ಬಟ್ಟೆ ಕೆಲಸದ ಜಾಗದಲ್ಲೇ ಉಳಿಯಲಿ. ಮನೆಗೂ ಕಾರ್ಯಾಗಾರಕ್ಕೂ ಒಂದೇ ಬಾಗಿಲು ಇರುವವರು ಇದನ್ನು ಮರೆಯುತ್ತಾರೆ, ಅಂಗಿಯಲ್ಲಿ ದೂಳು ಹೊತ್ತು ಹೋಗಿ ಮಗುವನ್ನು ಎತ್ತಿಕೊಳ್ಳುತ್ತಾರೆ. ಆವಿಗೆ ಉರಿಯುವಾಗ ಹೊಗೆ, ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದರ ಪಕ್ಕ ಕ್ಲಾಸ್ ಇಟ್ಟುಕೊಳ್ಳಬೇಡಿ.

ಹಣದ ಮಾತಿಗೆ ಬರೋಣ, ನೀವು ಅದನ್ನು ಕೇಳಲಿಲ್ಲ, ಸಂಕೋಚ ಇರಬೇಕು. ಪ್ರತಿ ಫೈರಿಂಗ್‌ಗೆ ಎಷ್ಟು ಖರ್ಚು ಅಂತ ನೋಡಿ ಶೆಲ್ಫ್‌ಗಳ ಸಂಖ್ಯೆಯಿಂದ ಭಾಗಿಸಿ. ಇಂಧನ ಅಥವಾ ಕರೆಂಟ್ ಮಾತ್ರ ಅಲ್ಲ, ಶೆಲ್ಫ್ ಸವೆಯುತ್ತದೆ, ವಿದ್ಯುತ್ ಆವಿಗೆ ಆದರೆ ಕಾಯಿಲ್ ಸುಟ್ಟುಹೋಗುತ್ತದೆ, ಅದನ್ನೂ ಸೇರಿಸಿ. ಈಗ ಒಂದು ಶೆಲ್ಫ್‌ನ ಬೆಲೆ ಸಿಕ್ಕಿತು. ಶಾಲೆಗೋ ಸಂಘಕ್ಕೋ ಬಿಲ್ ಮಾಡುವಾಗ ಪೂರ್ತಿ ಮೊತ್ತ ಬರೆಯಿರಿ: ಮಣ್ಣು, ಶೆಲ್ಫ್, ಕಲಿಸುವವರ ದಿನಗೂಲಿ. ಅದರ ಕೆಳಗೆ "ನಮ್ಮ ಮನೆಯ ಕೊಡುಗೆ" ಅಂತ ಎಷ್ಟು ಬಿಡುತ್ತೀರೋ ಅಷ್ಟು ಕಳೆಯಿರಿ. ಪೂರ್ತಿ ಬಿಟ್ಟರೂ ಬಿಡಿ, ಆದರೆ ಕಾಗದದ ಮೇಲೆ ಕಾಣಲಿ. ಸುಮ್ನೆ ಪುಕ್ಕಟೆ ಮಾಡಿಕೊಟ್ಟದ್ದಕ್ಕೆ ಬೆಲೆ ಎಷ್ಟಿತ್ತು ಅಂತ ಅವರಿಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ, ಮುಂದಿನ ವರ್ಷ ಎರಡು ಗೋಡೆ ಕೇಳುತ್ತಾರೆ.

ಇದೇ ಲೆಕ್ಕ ಮನೆಯೊಳಗೂ ಬೇಕು. "ಮನೆಯವರಲ್ವಾ" ಅಂತ ಮಾವನವರಿಗೂ ನಿಮಗೂ ಸಂಬಳ ಬರೆಯದಿದ್ದರೆ, ಕುಂಬಾರಿಕೆ ಲಾಭದಲ್ಲಿದೆ ಅನ್ನುವುದು ನಿಮ್ಮ ಕೂಲಿಯನ್ನೇ ಲಾಭ ಅಂತ ಓದುವುದು. ಹಣ ಕೈಗೆ ಬರದ ತಿಂಗಳಲ್ಲೂ ಪುಸ್ತಕದಲ್ಲಿ ಬರೆದಿಡಿ. ಮಾವನವರು ಊರವರಿಗೆ ಕೊಡುವ ದಿನ ಅವರ ಸಂಬಳದ ದಿನ ಅಂತಲೇ ಬರೆಯಿರಿ. ಆಗ ಗಂಡನಿಗೂ ಅದು ಕಳೆದುಹೋದ ದಿನ ಅನ್ನಿಸುವುದಿಲ್ಲ. ಅವರ ವಯಸ್ಸೂ ನೋಡಿ, ಇಡೀ ಜೀವ ತಿಗರಿ ಮೇಲೆ ಬಗ್ಗಿ ಕೂತ ಬೆನ್ನಿಗೆ, ಮಣ್ಣು ನಾದಿದ ಮಣಿಕಟ್ಟಿಗೆ ಕಲಿಸುವ ದಿನ ಅಂದರೆ ಬಿಡುವಿನ ದಿನ. ಅವರು ಕಲಿಸುವ ಆಸೆ ತೋರಿಸುತ್ತಿರುವುದು ಅದಕ್ಕೂ ಇರಬಹುದು.

ಮೆಕ್ಸಿಕೋದ ಮಾತಾ ಓರ್ತಿಸ್ ಅನ್ನುವ ಹಳ್ಳಿಯಲ್ಲಿ ಹುವಾನ್ ಕೆಸಾಡಾ ಅನ್ನುವವರು, ಸುತ್ತಮುತ್ತ ಸಿಗುತ್ತಿದ್ದ ಪ್ರಾಚೀನ ಮಡಕೆ ಚೂರು ನೋಡಿಯೇ ಆ ಕೆಲಸವನ್ನು ತಾವಾಗಿ ಕಲಿತರು. ಗುಟ್ಟು ಇಟ್ಟುಕೊಳ್ಳಬಹುದಿತ್ತು. ತಮ್ಮಂದಿರಿಗೆ, ತಂಗಿಯರಿಗೆ, ನೆರೆಯವರಿಗೆ ಹೇಳಿಕೊಟ್ಟರು, ಊರಿಗೆ ಊರೇ ಕುಂಬಾರರ ಊರಾಯಿತು. ಇದನ್ನು ಹೇಳಿದ್ದು ಗಂಡನ ಇನ್ನೊಂದು ಭಯಕ್ಕೆ, ನೀವು ಬರೆದಿಲ್ಲ, ಆದರೆ ಇಂಥ ಮನೆಗಳಲ್ಲಿ ಇದ್ದೇ ಇರುತ್ತದೆ: ಎಲ್ಲರಿಗೂ ಕಲಿಸಿದರೆ ನಮ್ಮ ಹತ್ತಿರ ಯಾರು ಕೊಳ್ಳುತ್ತಾರೆ ಅಂತ. ಎಂಟು ವಾರ ಕಲಿತವರು ನಿಮಗೆ ಪೈಪೋಟಿ ಆಗುವುದಿಲ್ಲ. ಒಂದು ಬಟ್ಟಲು ನೆಟ್ಟಗೆ ಎತ್ತುವುದು ಎಷ್ಟು ಕಷ್ಟ ಅಂತ ಗೊತ್ತಾದವರು ಬೆಲೆ ಕೇಳಿ ಮುಖ ಸಿಂಡರಿಸುವುದನ್ನು ನಿಲ್ಲಿಸುತ್ತಾರೆ, ಅಷ್ಟು ಮಾತ್ರ ಗ್ಯಾರಂಟಿ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ. ಬಟ್ಟಲಿಗೆ ಹೂಂ ಅನ್ನಿ, ಇವತ್ತೇ. ಶಾಲೆಗೆ ಟೈಲ್ ಬದಲು ಚಿಕ್ಕ ತುಂಡುಗಳ ಯೋಜನೆ ಬರೆದು ಕಳಿಸಿ, ಒಪ್ಪಿದರೆ ಮಾಡಿ, ಒಪ್ಪದಿದ್ದರೆ ನಿಮ್ಮ ಆರ್ಡರ್ ಕಡಿಮೆ ಇರುವ ತಿಂಗಳಿಗೆ ಮುಂದೂಡಿ. ವೃದ್ಧಾಶ್ರಮದ ಕ್ಲಾಸ್ ಗೋಡೆ ಮುಗಿದ ಮೇಲೆ, ಎರಡೂ ಒಟ್ಟಿಗೆ ಬೇಡ. ಹೊರಗಿನವರಿಗೆ ಹೂಂ ಅನ್ನುವ ಅಧಿಕಾರ ಮನೆಯಲ್ಲಿ ಒಬ್ಬರಿಗೇ ಇರಲಿ, ಆರ್ಡರ್ ಪುಸ್ತಕ ನಿಮ್ಮ ಕೈಯಲ್ಲಿ ಇರುವುದರಿಂದ ಅದು ನೀವೇ. ಮಾವನವರು ಸಂತೆಯಲ್ಲೋ ಮದುವೆಮನೆಯಲ್ಲೋ ಯಾರಿಗಾದರೂ ಮಾತು ಕೊಟ್ಟು ಬಂದರೆ, "ಸೊಸೆ ಹತ್ತಿರ ಕೇಳಿ ಹೇಳ್ತೀನಿ" ಅನ್ನುವ ಒಂದು ವಾಕ್ಯ ಅವರಿಗೆ ರೂಢಿ ಮಾಡಿಸಿ, ಅದೇನೂ ಮರ್ಯಾದೆ ಕಡಿಮೆ ಅಲ್ಲ.

ವೃದ್ಧಾಶ್ರಮದಲ್ಲಿ ಮೊದಲ ನಾಲ್ಕು ವಾರ ಏನನ್ನೂ ಸುಡುವುದಿಲ್ಲ ಅಂತ ಮೊದಲೇ ತಿಳಿಸಿ. ಮಾಡಿದ್ದನ್ನು ನೋಡಿ, ಮಾತಾಡಿ, ಮುರಿದು ವಾಪಸ್ ಬಕೆಟ್‌ಗೆ. ಮುರಿದ ಮಣ್ಣನ್ನು ಪೂರ್ತಿ ಒಣಗಿಸಿ ಆಮೇಲೆ ನೀರಿಗೆ ಹಾಕಿ, ಅರೆ ಒಣಗಿದ್ದು ಸರಿಯಾಗಿ ಕರಗದೆ ಗಂಟು ಗಂಟಾಗಿ ಉಳಿಯುತ್ತದೆ. ಹಳೆ ಗೋಡೆಯ ಪ್ಲಾಸ್ಟರ್ ಚೂರು ಅದರೊಳಗೆ ಬೀಳದಂತೆ ನೋಡಿಕೊಳ್ಳಿ, ಬಿದ್ದರೆ ಸುಟ್ಟು ತಿಂಗಳಾದ ಮೇಲೂ ತೇವ ಎಳೆದುಕೊಂಡು ಪಾತ್ರೆಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ. ಕೊನೆಯ ನಾಲ್ಕು ವಾರದಲ್ಲಿ ಒಬ್ಬೊಬ್ಬರೂ ಒಂದೊಂದು ಇಟ್ಟುಕೊಳ್ಳಲಿ. ಒಂದು ಶೆಲ್ಫ್‌ನಲ್ಲಿ ಎಲ್ಲ ಹಿಡಿಯುತ್ತದೆ.